ಡೆಸಿಮೇಟ್ ಕಲಿಸಲು ಹತ್ತು ಹುಣಸೆ ಬೀಜ ಸಾಕು

ಸಂಜೆ ನಮ್ಮ ಮನೆ ಜಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಡೆಸಿಮೇಟ್’ ಎಂಬ ಪದ ಬಂದರೆ ಎಲ್ಲರೂ ‘ನಾಶಮಾಡು’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಅಲ್ಲೇ ತಡೆಯಿರಿ. ಚೌಕಾಬಾರದ ಡಬ್ಬಿಯಿಂದ ಹತ್ತು ಹುಣಸೆ ಬೀಜ ತೆಗೆದು ನೆಲದ ಮೇಲೆ ಸಾಲಾಗಿ ಇಡಿ. ಒಬ್ಬರು ಕಣ್ಣು ಮುಚ್ಚಿ ಒಂದು ಬೀಜ ಎತ್ತಲಿ.

ಈಗ ಕಥೆ ಹೇಳಿ. ಹಳೆಯ ರೋಮ್‌ನಲ್ಲಿ ಸೈನಿಕರ ದಳವೊಂದು ಹೆದರಿ ಓಡಿಬಂದರೆ ಈ ಪದಕ್ಕೆ ಮೂಲವಾದ ಶಿಕ್ಷೆ ಕೊಡುವುದಿತ್ತು. ಹತ್ತು ಹತ್ತು ಜನರ ಗುಂಪು ಮಾಡಿ, ನಾವು ಚೀಟಿ ಎತ್ತುವ ಹಾಗೆ ಒಬ್ಬನನ್ನು ಆರಿಸುತ್ತಿದ್ದರು. ಅವನನ್ನು ಜೊತೆಯವರೇ ದೊಣ್ಣೆಯಿಂದ ಹೊಡೆದು ಕೊಲ್ಲಬೇಕು. ಮೊದಲು ಓಡಿದವನು ಅವನೇನಾ ಎಂದು ಯಾರೂ ನೋಡುತ್ತಿರಲಿಲ್ಲ. ರೋಮ್ ವಿರುದ್ಧ ಸ್ಪಾರ್ಟಕಸ್ ಮುಂದಾಳಾಗಿದ್ದ ಗುಲಾಮರ ದಂಗೆ ನಡೆದದ್ದು ಕ್ರಿ.ಪೂ. 73ರಿಂದ 71ರವರೆಗೆ. ಆಗ ರೋಮನ್ ಸೇನಾಪತಿ ಕ್ರಾಸಸ್ ಓಡಿಬಂದ ತನ್ನ 500 ಸೈನಿಕರನ್ನು 50 ಗುಂಪು ಮಾಡಿ ಹೀಗೇ ಶಿಕ್ಷಿಸಿದ ಎಂದು ಹಳೆಯ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಎಷ್ಟು ಜನ ಸತ್ತರು ಎಂದು ಮಕ್ಕಳೇ ಲೆಕ್ಕ ಹಾಕಲಿ.

ಬೀಜ ಎತ್ತಿದ ಹುಡುಗಿ ಒಮ್ಮೆ ಕೇಳಿದಳು, “ಟೀಚರ್, ಉಳಿದ ಒಂಬತ್ತು ಜನ ಅವತ್ತು ಊಟ ಹೇಗೆ ಮಾಡಿದ್ರು?” ಅವರಿಗೆ ಗೋಧಿ ಸಿಗುತ್ತಿರಲಿಲ್ಲ, ಬಾರ್ಲಿ ಕೊಡುತ್ತಿದ್ದರು. ಮಲಗುವುದೂ ಶಿಬಿರದ ಗೋಡೆಯ ಹೊರಗೆ. ಇದನ್ನು ಕೇಳಿದ ಮಕ್ಕಳು ಈ ಪದ ಮರೆತದ್ದನ್ನು ನಾನು ನೋಡಿಲ್ಲ.

ಬೇರು ಆಮೇಲೆ ತೋರಿಸಿ. ಲ್ಯಾಟಿನ್‌ನಲ್ಲಿ ‘ಡೆಕೆಮ್’ ಎಂದರೆ ಹತ್ತು. ಡೆಸಿಮಲ್ ಬಂದದ್ದೂ ಅಲ್ಲಿಂದಲೇ. ರೋಮನ್ನರ ವರ್ಷ ಮೊದಲು ಮಾರ್ಚ್‌ನಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಹತ್ತನೇ ತಿಂಗಳು ಡಿಸೆಂಬರ್. ನಮ್ಮ ದಶಮಿ, ದಶಕಗಳಲ್ಲಿರುವ ಸಂಸ್ಕೃತದ ‘ದಶ’ ಕೂಡ ಇದರ ದಾಯಾದಿಯೇ.

ಇವತ್ತಿನ ಬಳಕೆಗೆ ಹತ್ತರ ಲೆಕ್ಕ ಬೇಡ. ಗುಂಪಿನಲ್ಲಿ ಬಹುಪಾಲು ನಾಶವಾದರೆ ಡೆಸಿಮೇಟ್ ಎನ್ನುತ್ತಾರೆ. ಹತ್ತರಲ್ಲಿ ಒಂದೇ ಆಗಬೇಕು ಎಂದು ಹಟ ಹಿಡಿಯುವವರೂ ಇದ್ದಾರೆ. ಮಕ್ಕಳಿಗೆ ಆ ಜಗಳ ಹೊರಿಸಬೇಡಿ. ಆದರೆ ಒಂದನ್ನು ಗಟ್ಟಿಯಾಗಿ ಹೇಳಿ: ಇದಕ್ಕೆ ಗುಂಪು ಬೇಕು, ಕೊನೆಗೆ ಸ್ವಲ್ಪವಾದರೂ ಉಳಿದಿರಬೇಕು. ಕೊಳೆರೋಗಕ್ಕೆ ತೋಟದ ಅಡಿಕೆ ಮುಕ್ಕಾಲು ಪಾಲು ಉದುರಿದರೆ ಡೆಸಿಮೇಟ್ ಸರಿ. ಒಂದೇ ಮನೆ ಸುಟ್ಟರೆ ಸರಿಯಲ್ಲ. ಏನೂ ಉಳಿಯದಿದ್ದರೆ ‘ಅನೈಹಿಲೇಟ್’ ಇದೆ, ಅದರ ಹೊಟ್ಟೆಯಲ್ಲಿರುವ ‘ನಿಹಿಲ್’ ಎಂದರೆ ಏನೂ ಇಲ್ಲ ಅಂತ. ಆ ಪದ ಬಂದ ದಿನ ಹತ್ತೂ ಬೀಜಗಳನ್ನು ಎತ್ತಿ ಡಬ್ಬಿಗೆ ಹಾಕಿ, ಬರಿ ನೆಲ ತೋರಿಸಿ.