ಥೋನೆಟ್ ವಿಧಾನದಲ್ಲಿ ಮರ ಬಾಗಿಸುವುದು

1796ರಲ್ಲಿ ಜರ್ಮನಿಯ ಬೊಪ್ಪಾರ್ಡ್‌ನಲ್ಲಿ ಹುಟ್ಟಿ, ಬಡಗಿಯಾಗಿ ದುಡಿದು, ಮುಂದೆ ವಿಯೆನ್ನಾಕ್ಕೆ ವಲಸೆ ಹೋದ ಮಿಖಾಯೆಲ್ ಥೋನೆಟ್ ಇಂದಿನ ಚೆಕ್ ದೇಶದ ಮೊರಾವಿಯಾದಲ್ಲಿ ಪೀಠೋಪಕರಣಗಳ ಕಾರ್ಖಾನೆಯ ಒಡೆಯನಾದದ್ದು ಮರವನ್ನು ಮುರಿಯದೆ ಬಾಗಿಸುವ ವಿದ್ಯೆಯಿಂದ. ಅದನ್ನು ನೀವೂ ಕಲಿಯಬಹುದು.

ಗಂಟಿಲ್ಲದ, ಎಳೆಗಳು ನೇರವಾಗಿರುವ ಬೀಚ್ ಮರದ ಕೋಲನ್ನು ಆರಿಸಿಕೊಂಡು, ಪ್ರತಿ ಅಂಗುಲ ದಪ್ಪಕ್ಕೆ ಸುಮಾರು 1 ಗಂಟೆಯಂತೆ ಹಬೆಯಲ್ಲಿ ಬೇಯಿಸಿರಿ. ಬೆಂದ ಮರ ಒತ್ತಡಕ್ಕೆ ಕುಗ್ಗಬಲ್ಲದೇ ಹೊರತು ಎಳೆತಕ್ಕೆ ಹೆಚ್ಚು ಹಿಗ್ಗಲಾರದು. ಆದ್ದರಿಂದ ಬಾಗಿನ ಹೊರಮೈಗೆ ಉಕ್ಕಿನ ಪಟ್ಟಿಯನ್ನಿಟ್ಟು, ಎರಡೂ ತುದಿಗಳನ್ನು ಬಿಗಿದೇ ಬಾಗಿಸಬೇಕು. ಅವನ ನಿಜವಾದ ಜಾಣ್ಮೆ ಇರುವುದು ಈ ಪಟ್ಟಿಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಹಬೆಯಿಂದ ತೆಗೆದ ಕೂಡಲೇ, ತಡಮಾಡದೆ ಅಚ್ಚಿಗೆ ಬಿಗಿದು, ಪೂರ್ತಿ ಒಣಗುವವರೆಗೆ ಬಿಡಿರಿ.

1859ರ ಅವನ 14ನೇ ಸಂಖ್ಯೆಯ ಕುರ್ಚಿಗೆ ಇಂಥ ಬಾಗಿದ ಭಾಗಗಳನ್ನು ಅಂಟಿನಿಂದಲ್ಲ, ತಿರುಪುಗಳಿಂದಲೇ ಜೋಡಿಸಲಾಗುತ್ತಿತ್ತು.