ಅನಿಲ ಸೆನ್ಸರಿನ ಹೊಸ ವಿನ್ಯಾಸ ಪೇಟೆಂಟಿಗೆ ಅರ್ಹವೇ ಎಂದು ಪರೀಕ್ಷಿಸುವ ಬಗೆ

ತುಮಕೂರಿನ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಸೆನ್ಸರನ್ನು ಸುಧಾರಿಸಿದವರು, ಅರ್ಜಿ ಬರೆಯುವ ಮೊದಲು, ಆ ಸುಧಾರಣೆ ವಿಷಯ ಬಲ್ಲ ಯಾರಿಗಾದರೂ ತಾನಾಗಿಯೇ ಹೊಳೆಯುವಂಥದ್ದೇ ಎಂದು ಕೇಳಿಕೊಳ್ಳಬೇಕು. 1970ರ ಪೇಟೆಂಟ್ ಕಾಯ್ದೆಯ 2(1)(ಜೆಎ) ಕಲಮಿನ ಪ್ರಕಾರ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಇದ್ದರಷ್ಟೇ ಸಾಲದು. ಪರಿಣತನಿಗೆ ಅದು ಸುಲಭವಾಗಿ ಹೊಳೆಯುವಂತೆಯೂ ಇರಬಾರದು.

ಮೊದಲು ಸೆನ್ಸರನ್ನು ಬಿಡಿಬಿಡಿಯಾಗಿ ನೋಡಿ. ಸಣ್ಣ ರಂಧ್ರದಿಂದ ಒಳಬಂದ ಅನಿಲವು, ಗಂಧಕಾಮ್ಲಕ್ಕೆ ತಾಗಿಕೊಂಡಿರುವ ಪ್ಲಾಟಿನಂ ವಿದ್ಯುದ್ವಾರದ ಮೇಲೆ ಉತ್ಕರ್ಷಣಗೊಂಡು, ಪ್ರತಿ ಅಣುವಿಗೆ 2 ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಹೀಗೆ ಹರಿಯುವ ವಿದ್ಯುತ್ತಿನಿಂದಲೇ ಅನಿಲದ ಪ್ರಮಾಣ ತಿಳಿಯುತ್ತದೆ. ಇದೆಲ್ಲ ಹಳೆಯದು. ನೀವು ಬದಲಿಸಿದ್ದೇನು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.

ಬಳಿಕ ಆದ್ಯತಾ ದಿನಾಂಕಕ್ಕಿಂತ, ಅಂದರೆ ಈ ಆವಿಷ್ಕಾರಕ್ಕೆ ಮೊದಲ ಅರ್ಜಿ ಸಲ್ಲಿಸುವ ದಿನಕ್ಕಿಂತ, ಮುಂಚಿನ ಪೇಟೆಂಟುಗಳನ್ನೂ ಲೇಖನಗಳನ್ನೂ ಹುಡುಕಿ. ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಹಂತ ಇದೇ. ರಂಧ್ರ ಕಿರಿದಾದರೆ ವಿದ್ಯುತ್ ಪ್ರವಾಹ ತಗ್ಗುತ್ತದೆ ಎಂಬುದು ಪರಿಣತರಿಗೆಲ್ಲ ಗೊತ್ತು. ಅಷ್ಟನ್ನೇ ಮಾಡಿದ್ದರೆ ನಿಮ್ಮ ಹಕ್ಕು ನಿಲ್ಲುವುದು ಕಷ್ಟ. ಕೇವಲ ಕಾರ್ಯಾಗಾರದ ಮಟ್ಟದ ಸುಧಾರಣೆ ಸಾಲದೆಂದು ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ 1978ರಲ್ಲೇ ಹೇಳಿದೆ. ಆದರೆ ಬೇಸಿಗೆಯ ಒಣಹವೆಯಲ್ಲಿ ಆಮ್ಲದೊಳಗಿನ ನೀರು ಆರಿಹೋಗುವುದನ್ನು, ಹಳೆಯ ದಾಖಲೆಗಳು ಬೇಡವೆಂದ ದಾರಿಯಲ್ಲೇ ಸಾಗಿ ನೀವು ತಡೆದಿದ್ದರೆ, ನಿಮ್ಮ ವಾದಕ್ಕೆ ನಿಜವಾದ ಬಲವಿದೆ.

ಎರಡು ದಾಖಲೆಗಳನ್ನು ಕೂಡಿಸಿದರೆ ನಿಮ್ಮ ವಿನ್ಯಾಸ ಬರುತ್ತದೆ ಎಂದು ಪೇಟೆಂಟ್ ಕಚೇರಿಯ ಪರೀಕ್ಷಕರು ಆಕ್ಷೇಪಿಸಿದರೆ, ಅಂದಿನ ಪರಿಣತನಿಗೆ ಅವನ್ನು ಕೂಡಿಸಲು ಕಾರಣವೇನಿತ್ತು ಎಂದು ಕೇಳಿ. ಉತ್ತರ ತಿಳಿದ ಮೇಲೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ. ಹಳೆಯ ಸೆನ್ಸರನ್ನೂ ಹೊಸದನ್ನೂ ಒಂದೇ ತೇವಾಂಶದಲ್ಲಿಟ್ಟು ಅಳೆದ ಅಂಕಿಗಳನ್ನು ಅರ್ಜಿಯಲ್ಲೇ ಸೇರಿಸಿ.