ಹರಿದ ಮೀನಖಂಡ ಮತ್ತು ಬಿಸಿ ಎಣ್ಣೆ

ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುವವರಿಗೆ ಪೈಲ್ವಾನರು ತಪ್ಪಿದ್ದಲ್ಲ. ಜಾತ್ರೆ ಕುಸ್ತಿ ಶುರುವಾದರೆ ಮೀನಖಂಡ ಹರಿದುಕೊಂಡವರು ಕುಂಟುತ್ತಾ ಬರುತ್ತಾರೆ. ಜೊತೆಗೆ ಕುಸ್ತಿ ಕಲಿಸುವ ಗುರು, ಗರಡಿಯ ವಸ್ತಾದರೂ ಇರುತ್ತಾರೆ. "ಬಿಸಿ ಎಣ್ಣಿ ಹಚ್ಚಿ ತಿಕ್ಕಲೇನ್ರಿ ಸರ್?"

ಈಗಲೇ ಬೇಡ ಅನ್ನುತ್ತೇನೆ. ಹರಿದ ಜಾಗದಲ್ಲಿ ರಕ್ತ ಸೋರಿರುತ್ತದೆ. ಶಾಖ ಕೊಟ್ಟು ತಿಕ್ಕಿದರೆ ಇನ್ನೂ ಜಾಸ್ತಿ ಸೋರುತ್ತದೆ. ಕೆಲವೊಮ್ಮೆ ಸ್ನಾಯುವಿನೊಳಗೇ ಎಲುಬು ಬೆಳೆಯುವುದೂ ಉಂಟು. ಮೊದಲ ಮೂರ್ನಾಲ್ಕು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಕ್ರೇಪ್ ಬ್ಯಾಂಡೇಜ್, ಕಾಲು ದಿಂಬಿನ ಮೇಲೆ. ಅಷ್ಟೇ.

ಹೊರಗೆ ಸುಮ್ನೆ ಮಲಗಿದಂತೆ ಕಂಡರೂ ಒಳಗೆ ಭಾರೀ ಕೆಲಸ ನಡೆದಿರುತ್ತದೆ. ಮೊದಲು ಬಿಳಿ ರಕ್ತಕಣಗಳು ಬಂದು ಸತ್ತ ಎಳೆಗಳನ್ನು ತಿಂದು ಜಾಗ ಖಾಲಿ ಮಾಡುತ್ತವೆ. ಆಮೇಲೆ ಸ್ಯಾಟಲೈಟ್ ಕೋಶಗಳ ಸರದಿ. 1961ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವಿನಲ್ಲಿ ಇವನ್ನು ಗುರುತಿಸಿದ. ಸ್ನಾಯುವಿನ ಎಳೆಗೂ ಅದರ ಹೊರಪೊರೆಗೂ ನಡುವೆ ಮಲಗಿರುತ್ತವೆ. ಗಾಯವಾದರೆ ಎಚ್ಚರವಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಒಂದಕ್ಕೊಂದು ಕೂಡಿಕೊಂಡು ಹೊಸ ಎಳೆಯಾಗುತ್ತವೆ. ಕೆಲವು ಮಾತ್ರ ಮತ್ತೆ ಮಲಗಿ, ಮುಂದಿನ ಗಾಯಕ್ಕೆ ಉಳಿಯುತ್ತವೆ. ಇಲಿ, ಕೋಳಿ, ಮನುಷ್ಯ, ಎಲ್ಲರಲ್ಲೂ ಇದೇ ಏರ್ಪಾಡು.

"ಹಲ್ಲಿ ಬಾಲದಂಗ ಬೆಳಿತೈತೇನ್ರಿ?" ಅಂತ ಒಬ್ಬ ವಸ್ತಾದರು ಕೇಳಿದ್ದರು. ಒಳ್ಳೆ ಪ್ರಶ್ನೆ, ಅಲ್ವಾ? ಹಲ್ಲಿಯ ಹೊಸ ಬಾಲದಲ್ಲೂ ಸ್ನಾಯು ಬರುತ್ತದೆ. ಕಪ್ಪೆಯ ಬಳಗದ, ಬಾಲವಿರುವ ಸಾಲಮ್ಯಾಂಡರ್‌ಗಂತೂ ಇಡೀ ಕಾಲೇ ಬರುತ್ತದೆ. ನಮ್ಮದು ಅಷ್ಟಿಲ್ಲ. ದೊಡ್ಡ ತುಂಡೇ ಹೋದರೆ ಆ ಜಾಗದಲ್ಲಿ ಸ್ನಾಯುವಿನ ಬದಲು ಗಾಯದ ಕಲೆಯಂಥ ಬರೀ ನಾರು ತುಂಬಿಕೊಳ್ಳುತ್ತದೆ.

ಆ ನಾರಿನದೇ ನನಗೆ ಚಿಂತೆ. ಎರಡನೇ ವಾರದ ಹೊತ್ತಿಗೆ ಹೊಸ ಎಳೆಯ ಜೊತೆ ಅದೂ ಬೆಳೆಯುತ್ತಿರುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ನಾರು ಜಾಸ್ತಿಯಾಗುತ್ತದೆ, ಎಳೆಗಳು ಅಡ್ಡಾದಿಡ್ಡಿ ಕೂರುತ್ತವೆ. ಅದಕ್ಕೇ ಮೊದಲ ದಿನಗಳು ಕಳೆಯುತ್ತಲೇ ಕಾಲಿಗೆ ಕೆಲಸ ಕೊಡುತ್ತೇನೆ. ಮೊದಲು ಪಾದವನ್ನು ನನ್ನ ಅಂಗೈಗೆ ಒತ್ತಿ ಹಿಡಿಯುವುದು, ಕಾಲು ಅಲುಗಾಡಬಾರದು. ನೋವಿಲ್ಲದಿದ್ದರೆ ನಿಧಾನಕ್ಕೆ ಎಳೆತ. ಆಮೇಲೆ ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ನಂತರ ಒಂದೇ ಕಾಲಲ್ಲಿ. ಹಗುರ ಮಾಲೀಶಿಗೆ ಇಲ್ಲಿ ನನ್ನ ಅಡ್ಡಿಯಿಲ್ಲ. ಬೈಠಕ್ ಇನ್ನೂ ಆಮೇಲೆ.

ತೊಂದರೆ ಏನೆಂದರೆ, ಎಳೆ ಬಲಿಯುವ ಮುಂಚೆಯೇ ನೋವು ಹೋಗಿರುತ್ತದೆ. ಹುಡುಗರು ಮುಂದಿನ ಜಾತ್ರೆಗೆ ಹೊರಟು ನಿಲ್ಲುತ್ತಾರೆ. ಆಗ ವಸ್ತಾದರಿಗೇ ಫೋನ್ ಹಚ್ಚುತ್ತೇನೆ. ನನ್ನ ಮಾತು ಮೀರಿದರೂ ಅವರ ಮಾತು ಮೀರುವುದಿಲ್ಲ.